ಚಿಕ್ಕೋಡಿಗೆ ಬಂದ ಸಮುದ್ರ

ನಮ್ಮ ಸೋದರಮಾವ ಗೋಡೆಯ ರುಚಿ ನೋಡುತ್ತಿದ್ದರು. ಸುಳ್ಳಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಬೆರಳು ತಿಕ್ಕಿ, ಅದನ್ನು ನಾಲಿಗೆಗೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮನೆಯವರು ಚಹಾದ ಕಪ್ಪು ಹಿಡಿದು ಕಾಯಬೇಕು. ಅಳಿಯನಾದ ನಾನು ಎತ್ತ ನೋಡಬೇಕು ಹೇಳಿ?

ಈ ಚಟ ಹತ್ತಿದ್ದು ಕೊಂಕಣದ ಒಂದು ಬಂದರಿನಲ್ಲಿ. ಅಲ್ಲಿ ಹಳೆಯ ಇಟ್ಟಿಗೆ ಗೋದಾಮೊಂದು ಪುಡಿಪುಡಿಯಾಗಿ ಉದುರುತ್ತಿತ್ತಂತೆ. ಅದನ್ನು ಪರೀಕ್ಷಿಸುವ ವಿಜ್ಞಾನಿಗಳ ಕೈಕೆಳಗೆ ಮಾಮಾ ಬಹಳ ವರ್ಷ ದುಡಿದರು. ಗೋಡೆ ಕೊರೆದು ಮೇಲಿನ ಪುಡಿ ಬೇರೆ, ಒಳಗಿನ ಪುಡಿ ಬೇರೆ ಪೊಟ್ಟಣ ಕಟ್ಟುವುದು ಅವರ ಕೆಲಸ.

"ಸಮುದ್ರದ ಗಾಳಿ ಉಪ್ಪು ಹೊತ್ತು ಬರತೈತಿ," ಎನ್ನುತ್ತಿದ್ದರು. "ಇಟ್ಟಂಗಿಯೊಳಗ ಕಳ್ಳನಂಗ ಹೊಕ್ಕು ಕುಂದರತೈತಿ. ಹಸಿ ಇರೂತನಕ ಸುಮ್ಮನಿರತೈತಿ. ಒಣಗಿತಂದ್ರ ಹರಳಾಗಿ ಉಬ್ಬಿ ಇಟ್ಟಂಗಿ ಸೀಳತೈತಿ."

ಎಂಬತ್ತರ ದಶಕದ ಕೊನೆಗೆ ಅವರು ಚಿಕ್ಕೋಡಿಗೆ ಮರಳಿ ಮನೆ ಕಟ್ಟಿಸಿದರು. ಇಟ್ಟಿಗೆ ನನ್ನವು. ಉಗಾರದ ಹತ್ತಿರ, ಕೃಷ್ಣೆಯ ದಂಡೆಗೆ ನನ್ನ ಭಟ್ಟಿ ಇತ್ತು. ಅದೇ ಓಣಿಯಲ್ಲಿ ಇನ್ನೂ ಐದು ಮನೆಗೆ ನನ್ನ ಇಟ್ಟಿಗೆಯೇ ಹೋಗಿತ್ತು. ಎರಡು ಮಳೆಗಾಲ ಕಳೆಯುವುದರೊಳಗೆ ಆರೂ ಮನೆಯ ಗೋಡೆಗೆ ಬಿಳಿ ಬೂಷ್ಟು ಹಿಡಿದಂತಾಗಿ, ಕೈ ಇಟ್ಟರೆ ರವೆಯ ಹಾಗೆ ಉದುರತೊಡಗಿತು.

ಕಾರಣ ನನಗೆ ಗೊತ್ತಿತ್ತು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು ಬಿದ್ದ ಒಂದು ಹೊಲ. ಮೇಲೆ ಉಪ್ಪು ಬಿಳಿಚಿಕೊಂಡು ಕಾಣುತ್ತಿತ್ತು. "ಈ ಮಣ್ಣು ಬ್ಯಾಡ್ರಿ ಸಾವಕಾರ್ರ," ಎಂದು ಭಟ್ಟಿಯ ಕೆಲಸದವರೇ ಹೇಳಿದ್ದರು. ಬೆಂಕಿಗೆ ಬಿದ್ದರೆ ಎಲ್ಲವೂ ಸುಟ್ಟು ಹೋಗುತ್ತದೆ ಎಂದು ನಾನು ಆ ಮಣ್ಣನ್ನೇ ನನ್ನ ಟ್ರ್ಯಾಕ್ಟರಿಗೆ ಹೇರಿಸಿ ಭಟ್ಟಿಗೆ ತರಿಸಿದೆ. ಉಪ್ಪು ಸುಡುತ್ತದೆಯೇ?

ಓಣಿಯವರು ಗುಂಪುಗೂಡಿ ನನ್ನನ್ನು ಕರೆಸಿದರು. ಹೆಸರು ಕೆಟ್ಟರೆ ಭಟ್ಟಿ ಮುಚ್ಚಿದ ಹಾಗೆಯೇ. ಅಷ್ಟರಲ್ಲಿ ಮಾಮಾ ಗೋಡೆಗೆ ಬೆರಳು ತಿಕ್ಕಿ ನಾಲಿಗೆಗಿಟ್ಟರು. ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತರು.

"ಸಮುದ್ರ," ಎಂದರು. "ಚಿಕ್ಕೋಡಿಗೆ ಸಮುದ್ರದ ಗಾಳಿ ಹತ್ತೈತಿ."

ಪಕ್ಕದ ಮನೆಯ ಮೌಶಿ ಸೆರಗು ಬಾಯಿಗಿಟ್ಟುಕೊಂಡಳು. "ಘಾಟ ಹೆಂಗ ಹತ್ತಿ ಬಂತ್ರಿ ಸಮುದ್ರ? ಎಸ್ಟಿ ಬಸ್ಸಿಗೆ ಬಂತೇನು?"

"ಗಾಳಿಗೆ ತಿಕೀಟು ಯಾಕ ಬೇಕು ಮೌಶಿ?"

ಜನ ಬೈಯಲು ಬಂದವರು ನಗುತ್ತ ಹೋದರು. ಮಾಮಾ ಅಷ್ಟಕ್ಕೇ ಬಿಡಲಿಲ್ಲ. ಮಾಳಿಗೆಯ ಮೇಲೆ ಒಂದು ಸೀಸೆಯಲ್ಲಿ ಮಳೆನೀರು ತುಂಬಿ, ಅದರಿಂದ ತೆಳು ಬಟ್ಟೆಯ ಬತ್ತಿಯೊಂದನ್ನು ಮೇಲಕ್ಕೆಬ್ಬಿಸಿ, ತಗಡಿನ ಸೂರು ಕಟ್ಟಿದರು. ವಿಜ್ಞಾನಿಗಳು ಬಂದರಿನಲ್ಲಿ ಗಾಳಿಯ ಉಪ್ಪು ಹಿಡಿಯುತ್ತಿದ್ದುದು ಹೀಗೆಯೇ ಅಂತೆ. ಒದ್ದೆ ಬತ್ತಿಗೆ ಉಪ್ಪು ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ತೊಳೆದು ಎಷ್ಟೆಂದು ಅಳೆಯುತ್ತಾರೆ.

ಅಂದಿನಿಂದ ಅವರು 'ಸಮುದ್ರದ ಮಾಮಾ' ಆದರು. ಚಹಾದಂಗಡಿಯಲ್ಲಿ ಕುಳಿತರೆ, "ಇವತ್ತು ಯಾವ ಮೀನು ಬಿದ್ದಾವ್ರಿ ಮಾಳಿಗಿ ಮ್ಯಾಲ?" ಎಂದು ಕೇಳುವವರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಅವರು ಹುಚ್ಚರಾದಷ್ಟೂ ನನ್ನ ಭಟ್ಟಿ ಗಟ್ಟಿ.

ಆದರೂ ಮೃಗಶಿರ ಮಳೆಗೆ ಮೊದಲು, ಇಳಿಹೊತ್ತಿನಲ್ಲಿ, ಆ ಬತ್ತಿಯ ಪಕ್ಕ ಅವರೊಡನೆ ಮಲಗಿ ಆಕಾಶ ನೋಡುವುದು ನನಗೆ ಇಷ್ಟವಾಗಿತ್ತು. ಪಡುವಣ ಗಾಳಿ ಬೀಸುತ್ತಿತ್ತು. ದೂರದ ಕಬ್ಬಿನ ಗರಿ ಸರಸರ ಎಂದರೆ, "ಕೇಳು, ಸಮುದ್ರದ ತೆರಿ," ಎನ್ನುತ್ತಿದ್ದರು. ನನಗೂ ಕೇಳಿಸುತ್ತಿತ್ತು. ಮೋಡಗಳು ನಿಧಾನವಾಗಿ ಓಣಿಯ ಮೇಲೆ ಹಾಯ್ದು ಹೋಗುತ್ತಿದ್ದವು; ಅವುಗಳಿಗೆ ಹಾಯಿಯೂ ಇತ್ತು ಎಂದೇ ನನ್ನ ನೆನಪು. ಹಾಗಿದ್ದರೆ ಸಮುದ್ರ ನಿಜಕ್ಕೂ ಬಂದಿರಬಾರದೇಕೆ? ತಪ್ಪು ಮಾಡಿದವನಿಗೆ ಅಂಥ ಕನಸು ಬಹಳ ಹಿತ.

ಒಂದು ಮಧ್ಯಾಹ್ನ ಮಾಮಾ ಕೆಳಗೆ ಮಲಗಿದ್ದಾಗ ಮಾಳಿಗೆ ಹತ್ತಿದೆ. ತಿಂಗಳಿಡೀ ಗಾಳಿ ಕುಡಿದಿದ್ದ ಬತ್ತಿಯನ್ನು ನಾಲಿಗೆಯ ಮೇಲೆ ಹಿಂಡಿದೆ.

"ಸಪ್ಪಗೈತಿ, ಅಲ್ಲ?"

ಮಾಮಾ ಮೆಟ್ಟಿಲ ಮೇಲೆ ನಿಂತಿದ್ದರು.

"ಗಾಳಿ ತಂದ ಉಪ್ಪು ಗೋಡಿ ಮ್ಯಾಲೆ ಹೆಚ್ಚು, ಒಳಗ ಕಡಿಮಿ ಇರತೈತಿ," ಎಂದರು. "ನಿನ್ನ ಇಟ್ಟಂಗಿ ಕೊರದು ನೋಡೀನಿ. ಒಳಗ ಹೊರಗ ಉಪ್ಪು ಒಂದ ಸಮ. ಮಣ್ಣಿನಾಗಿಂದನ ಬಂದೈತಿ."

"ಯಾವಾಗ ಗೊತ್ತಾತ್ರಿ ಮಾಮಾ?"

"ಮೊದಲನೇ ದಿನಾನ. ನಾಲಿಗಿಗೆ ಸವಳು ತಿಳಿಯೂದಿಲ್ಲೇನು?"

"ಮತ್ತ ಸಮುದ್ರ ಯಾಕಂದ್ರಿ?"

ಅವರು ಸೀಸೆಗೆ ನೀರು ಹಾಕತೊಡಗಿದರು. "ನನಗ ಹುಚ್ಚ ಅಂದ್ರ ಮಂದಿ ನಗತಾರ. ನಿನಗ ಕಳ್ಳ ಅಂದ್ರ ನಿಮ್ಮವ್ವ, ನನ್ನ ತಂಗಿ, ಅಳತಾಳ. ಆ ಮಣ್ಣು ಬಿಡು. ಆತಿಲ್ಲೋ?"

ಬತ್ತಿಯನ್ನು ತೋಯಿಸಿ, ಓಣಿಗೆಲ್ಲ ಕಾಣುವಂತೆ ಮತ್ತೆ ಕಟ್ಟಿದರು. ಕೆಳಗಿನಿಂದ ಮೌಶಿ ಕೂಗಿದಳು: "ಇವತ್ತು ಯಾವ ಮೀನ್ರೀ?"

"ಪಾಪ್ಲೆಟ್ ಮೌಶಿ, ತಾಜಾ ಐತಿ," ಎಂದರು ಮಾಮಾ. ಓಣಿ ನಕ್ಕಿತು. ನನಗೆ ನಗು ಬರಲಿಲ್ಲ.

ಆ ಮಣ್ಣು ಬಿಟ್ಟೆ, ಆದರೆ ಬಾಯಿ ಬಿಡಲಿಲ್ಲ. ಈಗ ಮಾಮಾ ಇಲ್ಲ, ಮೌಶಿಯೂ ಇಲ್ಲ. ಆದರೂ ಹೇಳಿಬಿಡುತ್ತೇನೆ: ಮೌಶಿ, ಸಮುದ್ರ ಎಸ್ಟಿ ಬಸ್ಸಿಗೆ ಬಂದಿರಲಿಲ್ಲ. ನನ್ನ ಟ್ರ್ಯಾಕ್ಟರಿನಲ್ಲಿ ಬಂದಿತ್ತು.