ಹೇಳದೆ ಕೇಳದೆ ಹೊರಟುಹೋದ ಟಿಕ್‌ಟಿಕ್ ಸದ್ದಿಗೆ

ಸನ್ಮಾನ್ಯ ಟಿಕ್‌ಟಿಕ್ ಸದ್ದಿನವರಿಗೆ,
ಮಾಜಿ ನಿವಾಸಿಗಳು, ದಿವಂಗತ ಬೊವಾಚಿಯವರ ಹಳೆಯ ಫ್ರೆಂಚ್ ಕಾರಿನ ಎಂಜಿನ್ನು,
ಕುಮಾಸಿ.

ಮಾನ್ಯರೇ,

ಬ್ರೆಡ್ಡು ಮಾರಿ ಬದುಕುವ ವಿಧವೆ ಫೌಸ್ಟಿನಾ ಪೊಕುವಾ ತಮಗೆ ಮಾಡುವ ಅನಂತ ನಮಸ್ಕಾರಗಳು. ತಾವೀಗ ಯಾರ ಬಾನೆಟ್ಟಿನ ಕೆಳಗೆ ಬಿಡಾರ ಹೂಡಿದ್ದೀರೋ ತಿಳಿಯದ ಕಾರಣ ಈ ಪತ್ರವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆಯಬೇಕಾಗಿದೆ. ವರ್ಷವಿಡೀ ನಮ್ಮ ಅಂಗಳದಲ್ಲಿ ಮನೆಮಗನಂತೆ ಇದ್ದು, ಕಳೆದ ಶನಿವಾರ ಊರಿಗೆ ಊರೇ ನೋಡುತ್ತಿರುವಾಗ ಒಂದು ಮಾತೂ ಹೇಳದೆ ಹೊರಟುಬಿಟ್ಟಿರಲ್ಲ, ಇದು ತಮ್ಮಂಥ ದೊಡ್ಡವರಿಗೆ ಶೋಭೆ ತರುತ್ತದೆಯೇ?

ತಾವು ಬಂದ ಸಂದರ್ಭವನ್ನು ನೆನಪಿಸುತ್ತೇನೆ. ನನ್ನ ಯಜಮಾನ ಬೊವಾಚಿಯವರನ್ನು ಮಣ್ಣು ಮಾಡಿದ ದಿನ ಮೆರವಣಿಗೆಯ ಮುಂದೆ ಹೋದದ್ದು ಅವರದೇ ಕಾರು. ಅವರ ಮನೆತನದ ಹಿರಿಯರಾದ ಒಪಾನಿನ್ ಡೊಂಕೊರ್ ಅವರು ಸ್ವಹಸ್ತದಿಂದ ಕಾರಿನ ಮೂತಿಗೆ ಸಾವಿನ ಕೆಂಪು ಬಟ್ಟೆ ಸುತ್ತಿ, ಸತ್ತವರ ದಾರಿಖರ್ಚಿಗೆಂದು ಅದರ ತುದಿಯಲ್ಲಿ ಎರಡು ಕವಡೆ ಗಂಟು ಹಾಕಿ, ತುದಿಯನ್ನು ಬಾನೆಟ್ಟಿನ ಅಂಚಿನೊಳಗೆ ತೂರಿಸಿ, "ವರ್ಷದ ಕಾರ್ಯ ಆಗೋವರೆಗೂ ಇದನ್ನ ಯಾರೂ ಬಿಚ್ಚಕೂಡ್ದು, ಹುಷಾರ್!" ಎಂದು ಅಪ್ಪಣೆ ಮಾಡಿದರು. ಆಮೇಲೆ ಹಿರಿಯರೆಲ್ಲ ಕುಳಿತು, ನಮ್ಮ ಅಳಿಯಕಟ್ಟಿನ ಪ್ರಕಾರ ಕಾರು ಸೋದರಳಿಯ ಎಡ್ಮಂಡನಿಗೆ ಎಂದು ತೀರ್ಮಾನಿಸಿದರು. ಆ ಕಾರಿಗೆ ನನ್ನ ಮೇಷ್ಟ್ರುಗಿರಿಯ ಸಂಬಳವೂ ಬಿದ್ದಿತ್ತು, ನಸುಕಿನಲ್ಲಿ ಆಸ್ಪತ್ರೆಯ ಗೇಟಿಗೂ ಶಾಲೆಗಳಿಗೂ ನನ್ನ ಬ್ರೆಡ್ಡು ಹೋಗುತ್ತಿದ್ದುದು ಅದರಲ್ಲೇ, ಅದಿಲ್ಲದಿದ್ದರೆ ಈ ಮಂಡಿನೋವಿನಲ್ಲಿ ತಲೆಯ ಮೇಲೆ ತಟ್ಟೆ ಹೊತ್ತು ಬೀದಿ ಅಲೆಯಬೇಕು ಎಂಬ ಸಣ್ಣಪುಟ್ಟ ಸಂಗತಿಗಳನ್ನು ಹೇಳಿ ಆ ಮಹನೀಯರ ಊಟದ ಹೊತ್ತು ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ.

ಎಡ್ಮಂಡ್ ಕಪ್ಪು ಕನ್ನಡಕ ಹಾಕಿಕೊಂಡು ಬಂದ, ಕೀಲಿ ತಿರುಗಿಸಿದ, ಮೆರವಣಿಗೆಯ ಗದ್ದಲದಲ್ಲಿ ಯಾರಿಗೂ ಕೇಳಿಸದಿದ್ದ ತಾವು ಆಗ ಮೊದಲ ಬಾರಿಗೆ ಕಿವಿಗೆ ಬಿದ್ದಿರಿ. "ಅಯ್ಯಯ್ಯೋ ಅತ್ತೆ, ಇದೇನಿದು ಟಿಕ್ ಟಿಕ್ ಅಂತ? ಎಂಜಿನ್ನು ಕೈಕೊಟ್ಟಿದೆ ಬಿಡಿ. ನೀವೇ ರಿಪೇರಿ ಮಾಡ್ಸಿಟ್ಟಿರಿ, ಸರಿಹೋದ್ಮೇಲೆ ಬಂದು ತಗೊಂಡೋಗ್ತೀನಿ" ಎಂದು ಹೇಳಿ ಅವನು ನಡೆದುಬಿಟ್ಟ. ರಿಪೇರಿ ನನ್ನದು, ಕಾರು ಅವನದು. ಇಷ್ಟು ಉದಾರವಾದ ಹಂಚಿಕೆಯನ್ನು ನಾನು ಎಲ್ಲಿಯೂ ಕಂಡಿಲ್ಲ.

ತರುವಾಯ ತಮ್ಮ ದರ್ಶನಕ್ಕೆ ಬಂದ ಫಿಟ್ಟರುಗಳ ವೈಭವವನ್ನು ಏನೆಂದು ಬಣ್ಣಿಸಲಿ! ಮೊದಲು ಬಂದ ಮಾಸ್ಟರ್ ಅಟ್ಟಾ ಅವರು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣುಮುಚ್ಚಿ, "ಮೇಡಂ, ಒಳಗೆ ವಾಲ್ವು ತಟ್ಟೋ ಟ್ಯಾಪೆಟ್ಟು ಸಡಿಲ ಆಗಿದೆ. ನನ್ನ ಕಿವೀನ ಮೀರಿಸೋರು ಈ ಊರಲ್ಲಿಲ್ಲ" ಎಂದರು. ಟೋಪಿ ತೆಗೆದು, ಸತ್ತವರ ಕ್ಷಮೆ ಕೇಳಿ, ಕೆಂಪು ಬಟ್ಟೆಯ ತುದಿಯನ್ನು ಎರಡೂ ಕೈಗಳಿಂದ ಹೊರತೆಗೆದು ಪಕ್ಕಕ್ಕಿಟ್ಟು ಬಾನೆಟ್ಟು ಎತ್ತಿದರು. ಟ್ಯಾಪೆಟ್ಟು ಸರಿಮಾಡಿ ಎಂಜಿನ್ನು ಓಡಿಸಿದರೆ ತಾವು ಮೌನ. "ನೋಡಿದ್ರಾ!" ಎಂದು ಬೀಗಿ, ಬಟ್ಟೆಯನ್ನು ಮೊದಲಿನಂತೆಯೇ ಭಕ್ತಿಯಿಂದ ಒಳಗೆ ತೂರಿಸಿ, ಬಾನೆಟ್ಟು ಮುಚ್ಚಿ ಹೋದರು. ನಾನು ಬೀದಿಯ ತಿರುವು ದಾಟುವಷ್ಟರಲ್ಲಿ ತಾವು ಮತ್ತೆ ಹಾಜರ್.

ಎರಡನೆಯವರು ಹೊಗೆಕೊಳವೆ ಸೀಳಿದೆ ಎಂದರು. ಅವರೂ ಟೋಪಿ ತೆಗೆದರು, ಬಟ್ಟೆ ಪಕ್ಕಕ್ಕಿಟ್ಟರು, ತಮ್ಮನ್ನು ಓಡಿಸಿದರು, ಬಟ್ಟೆಯನ್ನು ಒಳಗೆ ತೂರಿಸಿದರು, ತಾವು ಬಂದಿರಿ. ಎಡ್ಮಂಡ್ ಅಕ್ರಾದಿಂದ ಕರೆತಂದ ಎಂಜಿನಿಯರ್ ಸಾಹೇಬರಂತೂ ಕಂಪ್ಯೂಟರಿನ ತಂತಿ ಹಿಡಿದುಕೊಂಡು, ಅದನ್ನು ಚುಚ್ಚುವ ಜಾಗಕ್ಕಾಗಿ ಕಾರಿನ ಕೆಳಗೂ ಮೇಲೂ ಹುಡುಕಿ, ಕೊನೆಗೆ "ಇಂಥ ಮುದಿ ಗಾಡೀಲಿ ತೂತೇ ಇಟ್ಟಿಲ್ಲ" ಎಂದು ಕಾರು ತಯಾರಿಸಿದವರನ್ನೇ ಬೈದರು. ಗೃಹವಿಜ್ಞಾನ ಕಲಿಸುತ್ತಿದ್ದ ನನಗೆ ಆ ವಿದ್ವತ್ತು ಎಲ್ಲಿಂದ ಅರ್ಥವಾಗಬೇಕು.

ಫಿಟ್ಟರುಗಳು ಸೋತ ಮೇಲೆ ಒಪಾನಿನ್ ಡೊಂಕೊರ್ ಅವರೇ ದಯಮಾಡಿಸಿದರು. ಎಂಜಿನ್ನಿನ ಮೇಲೂ ಬಟ್ಟೆಯ ಮೇಲೂ ಧಾರಾಳವಾಗಿ ಸಾರಾಯಿ ಎರೆದು, ಅದಕ್ಕಿಂತ ಧಾರಾಳವಾಗಿ ಸ್ವಂತ ಗಂಟಲಿಗೂ ಸುರಿದುಕೊಂಡು, ಕಿವಿಗೊಟ್ಟು ಕೇಳಿ, ಮನೆತನದವರೆಲ್ಲರ ಎದುರಿಗೆ ಸಾರಿದರು: "ಇದು ಎಂಜಿನ್ನಲ್ಲ ಕಣ್ರೋ, ನಮ್ಮ ಬೊವಾಚಿ! ಅವನಿಗೇನೋ ಅಸಮಾಧಾನ. ಅವನ ಮನಸ್ಸಿನ ಹಾಗೆ ನಡೆದ ದಿನ ತಾನೇ ಸುಮ್ಮನಾಗ್ತಾನೆ, ಬರೆದಿಟ್ಕೊಳ್ಳಿ." ಅಂದಿನಿಂದ ಅವರು ಬಂದಾಗಲೆಲ್ಲ ಬಾನೆಟ್ಟಿನ ಮೇಲೆ ಕೈಯಿಟ್ಟು ತಮ್ಮೊಡನೆ ಮಾತನಾಡಿದರು, ತಾವು ಹಂದಿಮರಿ ಕೇಳಿದಿರಿ ಎಂದರು, ತಿಂದದ್ದು ಮಾತ್ರ ಅವರೇ. ಸಾರಾಯಿ ಕುಡಿದು ಒಣಗಿ ಕಟ್ಟಿಗೆಯಂತಾದ ಬಟ್ಟೆಯಿಂದಾಗಿ ತಮ್ಮ ಕಂಠ ಇನ್ನಷ್ಟು ಖಣಖಣ ಎನ್ನತೊಡಗಿತು.

ಹೌದು ಮಾನ್ಯರೇ, ತಮ್ಮ ಗುಟ್ಟು ನನಗೆ ಮೊದಲೇ ಗೊತ್ತಾಗಿತ್ತು. ಒಂದು ದಿನ ನೀರು ತುಂಬಲು ಬಾನೆಟ್ಟು ಎತ್ತಿದಾಗ ಫ್ಯಾನಿನ ರೆಕ್ಕೆಯ ತುದಿಗೆ ಕೆಂಪು ಬಣ್ಣ ಮೆತ್ತಿತ್ತು, ಫ್ಯಾನು ತಿರುಗಿದಾಗಲೆಲ್ಲ ಏಟು ತಿಂದ ಕವಡೆಯ ಬೆನ್ನು ಬಟ್ಟೆಯ ಗಂಟಿನಲ್ಲಿ ಸವೆದು ಇಣುಕುತ್ತಿತ್ತು. ನಾನು ಅಲ್ಲೇ ಕಾರಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸತ್ತವರಿಗೆ ಮರ್ಯಾದೆ ಕೊಡುವ ಭರದಲ್ಲಿ ಪ್ರತಿಯೊಬ್ಬ ಮಹಾಶಯನೂ ರೋಗವನ್ನು ಎರಡೂ ಕೈಗಳಿಂದ ಎತ್ತಿ ಪಕ್ಕಕ್ಕಿಟ್ಟು, ಔಷಧಿ ಹಾಕಿ, ರೋಗವನ್ನು ಮತ್ತೆ ಒಳಗೇ ತೂರಿಸಿ ಹೋಗುತ್ತಿದ್ದ! ನಾನು ಬಾಯಿಗೆ ಬೀಗ ಹಾಕಿಕೊಂಡೆ. ತಾವು ಇರುವವರೆಗೆ ಎಡ್ಮಂಡ್ ಬರುವುದಿಲ್ಲ, ಬ್ರೆಡ್ಡು ಹೋಗುತ್ತದೆ, ಮತ್ತೇನು ಬೇಕು?

ಆದರೆ ವರ್ಷ ತುಂಬಿತು. ಬಟ್ಟೆ ಬಿಚ್ಚಿದರೆ ತಾವು ಹೋಗುತ್ತೀರಿ, ತಾವು ಹೋದರೆ ಕಾರೂ ಹೋಗುತ್ತದೆ ಎಂದು ನನಗೆ ನಿದ್ದೆಯಿಲ್ಲ. ಶನಿವಾರ, ವರ್ಷದ ಕಾರ್ಯದ ದಿನ, ಸೂತಕದ ಕಪ್ಪು ಬಟ್ಟೆ ತೆಗೆದು ಬಿಳಿಯದನ್ನು ಉಟ್ಟು ಅಂಗಳಕ್ಕೆ ಬಂದೆ. ಎಡ್ಮಂಡ್ ಎಂಜಿನ್ನು ಚಾಲೂ ಮಾಡಿದ. ಡೊಂಕೊರ್ ಅವರು ಸಾರಾಯಿ ಎರೆದು, "ತಮ್ಮಾ ಬೊವಾಚಿ, ಕಾರು ಎಡ್ಮಂಡ್ ತಗೊಂಡೋಗ್ಲೇನಪ್ಪಾ?" ಎಂದು ಕೇಳಿದರು. ತಾವು ಟಿಕ್ ಟಿಕ್ ಎಂದಿರಿ. ಹಿರಿಯರು ಮುಖ ಮುಖ ನೋಡಿಕೊಂಡರು. ನಮ್ಮಲ್ಲಿ ಮೊದಲ ಗಂಟು ಬಿಚ್ಚುವ ಹಕ್ಕು ಹೆಂಡತಿಯದು ತಾನೆ? ನಾನು ಕಾರಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ರೀ, ಕಾರು ನನ್ನ ಹತ್ರಾನೇ ಇರ್ಲಾ? ಇರ್ಲಿ ಅನ್ನೋದಾದ್ರೆ ಸುಮ್ಮನಾಗಿ ನೋಡೋಣ" ಎಂದೆ, ಎನ್ನುತ್ತಲೇ ಬಟ್ಟೆಯ ತುದಿಯನ್ನು ಮೆಲ್ಲಗೆ ಹೊರಗೆಳೆದೆ.

ಆಮೇಲೆ ಎಂಜಿನ್ನು ಬೆಣ್ಣೆಯಂತೆ ಓಡಿದ್ದು ಮಾತ್ರ ಕೇಳಿಸಿತು. ಹೆಂಗಸರು ಕೂಗಿ ಅತ್ತರು. ಎಡ್ಮಂಡ್ ಕೀಲಿಯನ್ನು ನನ್ನ ಕೈಗಿಟ್ಟು ಕನ್ನಡಕ ಹಾಕಿಕೊಂಡ.

ಆದ್ದರಿಂದ ಮಾನ್ಯರಲ್ಲಿ ನನ್ನ ದೂರು ಒಂದೇ. ಇಷ್ಟು ಉಪಕಾರ ಮಾಡಿದವರು ಒಂದು ತುಂಡು ಬ್ರೆಡ್ಡನ್ನಾದರೂ ತಿಂದು ಹೋಗಬಾರದಿತ್ತೇ? ತಮಗೆ ಹೊಸ ಮನೆ ಬೇಕಿದ್ದರೆ ಎಡ್ಮಂಡನ ಮುಂದಿನ ಕಾರಿನಲ್ಲಿ, ಅದೂ ತಲೆದಿಂಬಿನ ಪಕ್ಕದಲ್ಲೇ, ಕಾಯಂ ಆಗಿ ನೆಲೆಸಬೇಕೆಂದು ಬೇಡಿಕೊಳ್ಳುತ್ತೇನೆ. ಡೊಂಕೊರ್ ಅವರ ನಾಲಿಗೆಯನ್ನು ಬಾಡಿಗೆಗೆ ಹಿಡಿಯಬೇಡಿ, ಅಲ್ಲಿ ಈಗಾಗಲೇ ಬೇಕಾದಷ್ಟು ಸದ್ದುಗಳಿವೆ.

ಇಂತು, ಈಗ ಸದ್ದಿಲ್ಲದೆ ಓಡಾಡುವ
ತಮ್ಮ ವಿಶ್ವಾಸಿ,
ಫೌಸ್ಟಿನಾ ಪೊಕುವಾ

ತಾ.ಕ.: ಇದೆಲ್ಲವನ್ನೂ ಪತ್ರಿಕೆಯಲ್ಲಿ ಬರೆದುಬಿಟ್ಟರೆ ಕಾರು ಕೈತಪ್ಪೀತು ಎಂದು ನೆರೆಯವರು ಹೆದರಿಸುತ್ತಿದ್ದಾರೆ. ತಪ್ಪಲಿ, ಸಂತೋಷ. ಅದಕ್ಕೆ ಒಪಾನಿನ್ ಡೊಂಕೊರ್ ಅವರು ಅದೇ ಅಂಗಳದಲ್ಲಿ ಅದೇ ಹಿರಿಯರ ಎದುರು ಎದ್ದು ನಿಂತು, ವರ್ಷವಿಡೀ ಸಾರಾಯಿ ಹಿಡಿದು ಮಾತನಾಡಿಸಿದ್ದು ಸ್ವಂತ ಕೈಯಿಂದ ಹಾಕಿದ ಗಂಟನ್ನು ಎಂದು ಒಪ್ಪಿಕೊಂಡರೆ ಸಾಕು. ನಾನು ಕೀಲಿ ಹಿಡಿದುಕೊಂಡು ಕಾಯುತ್ತಿರುತ್ತೇನೆ. ಕವಡೆಗಳೂ ನನ್ನ ಹತ್ತಿರವೇ ಇವೆ.