ಬಾವಿಯೊಳಗಿನ ತಮ್ಮ

ನನ್ನ ಚಿಕ್ಕಮ್ಮನ ಮಗ ಆರಡಿ ಎತ್ತರದ ಆಳು. ಆದರೂ ಅವನ ಹತ್ತಿರ ಮಾತಾಡಬೇಕೆಂದರೆ ನಾವು ಬಗ್ಗಬೇಕು! ಯಾಕೆಂದರೆ ನಮಗೆ ಬೇಕಾದ ಹೊತ್ತಿಗೆ ಅವನು ಭೂಮಿಯ ಮೇಲೆ ಇರುವುದೇ ಇಲ್ಲ. ಗಾಬರಿಯಾಗಬೇಡಿ, ಬದುಕಿದ್ದಾನೆ. ಯಾರದೋ ಮನೆಯ ಬಾವಿಯೊಳಗೆ ಇದ್ದಾನೆ, ಅಷ್ಟೆ.

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಕ್ರಿಕೆಟ್ಟಿನದು. ಇವನಿಗೆ ಬಾವಿಗಿಳಿಯುವ ಚಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾರ ಮನೆಯ ಬಾವಿಗೆ ಏನು ಬಿದ್ದರೂ ಮೊದಲು ಇವನಿಗೆ ಫೋನು. ಕೊಡಪಾನ, ಬಕೆಟ್ಟು, ಮೊಬೈಲು, ಬೆಕ್ಕು, ಕೋಳಿ, ಮುನಿಸಿಕೊಂಡ ಸೊಸೆ ಎಸೆದ ಇಡ್ಲಿ ಪಾತ್ರೆ, ಎಲ್ಲವೂ ಇವನ ವ್ಯಾಪ್ತಿಗೆ ಸೇರಿದ್ದು. ಸ್ಕೂಟರಿನ ಮುಂದೆ ಸದಾ ಒಂದು ಹಗ್ಗದ ಸುರುಳಿ, ಜೊತೆಗೆ ಕೊಕ್ಕೆಗಳ ಗೊಂಚಲಾದ ಪಾತಾಳಗರಡಿ. ಅದನ್ನು ಮೇಲಿನಿಂದಲೇ ಇಳಿಬಿಟ್ಟು ಕೊಡಪಾನ ಎತ್ತಬಹುದು ಎಂದು ನೀವು ಹೇಳಿದರೆ ಅವನಿಗೆ ಬೇಜಾರಾಗುತ್ತದೆ. "ಅದು ಅವಸರದವರಿಗೆ ಅಕ್ಕಾ" ಎಂದು ಪಂಚೆ ಎತ್ತಿ ಕಟ್ಟುತ್ತಾನೆ. ಒಂದು ರೂಪಾಯಿ ಮುಟ್ಟುವುದಿಲ್ಲ. ಕಾಫಿ ಕೊಟ್ಟರೆ ಕುಡಿಯುತ್ತಾನೆ, ಅದನ್ನೂ ಬಕೆಟ್ಟಿನಲ್ಲಿಟ್ಟು ಒಳಗೇ ಇಳಿಸಿಕೊಟ್ಟರೆ ಪರಮ ಸಂತೋಷ! ಹಾಗಾದರೆ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದಿರಾ? ಜೀವವಿಮೆ ಏಜೆಂಟು! ಮನುಷ್ಯನ ಬದುಕು ಎಷ್ಟು ಅನಿಶ್ಚಿತ ಎಂದು ಊರಿನವರಿಗೆಲ್ಲ ಕಣ್ಣಲ್ಲಿ ನೀರು ಬರುವಂತೆ ವಿವರಿಸಿ, ಸಹಿ ಹಾಕಿಸಿಕೊಂಡು, ಆಮೇಲೆ ಅವರದೇ ಬಾವಿಗೆ ಇಳಿಯುತ್ತಾನೆ.

ಒಮ್ಮೆ ಶೃಂಗೇರಿಯ ಹಿರಿಯ ಭಟ್ಟರೊಬ್ಬರು ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸುವಾಗ ಹಲ್ಲಿನ ಸೆಟ್ಟು ಒಳಗೆ ಬಿತ್ತು. ಇವನು ಇಳಿದ. ಕೆಸರಿನಲ್ಲಿ ಕೈಯಾಡಿಸಿ, ಹಲ್ಲಿನ ಸೆಟ್ಟನ್ನು ಎತ್ತಿ ಹಿಡಿದು ವಿಜಯಿಯಾಗಿ ಮೇಲೆ ಬಂದ. ಭಟ್ಟರು ತೊಳೆದು, ಬಾಯಿಗಿಟ್ಟು, ಮುಖ ಸಿಂಡರಿಸಿದರು.

"ಮಾಣಿ, ಇದು ನಂದಲ್ಲ."

"ಮತ್ತೆ ಯಾರದ್ದು?"

ಭಟ್ಟರು ನಾಲಿಗೆಯಿಂದ ಹಲ್ಲುಗಳನ್ನು ತಡವಿ ನೋಡಿದರು. "ನಮ್ಮ ಅಣ್ಣಂದು! ಪಾಪ, ಕೆಲಸದವಳೇ ಕದ್ದಿದ್ದು ಅಂತ ಸಾಯುವವರೆಗೂ ಬೈತಿದ್ದ" ಎಂದರು. ಬಾಯಿಂದ ತೆಗೆಯುವುದನ್ನು ಮಾತ್ರ ಮರೆತಿದ್ದರು. ತಮ್ಮ ಇನ್ನೊಮ್ಮೆ ಇಳಿದ.

ಇಂಥವನಿಗೂ ಹೆಣ್ಣು ಸಿಕ್ಕಿತು! ನರಸಿಂಹರಾಜಪುರದಲ್ಲಿ ಹೆಣ್ಣು ನೋಡಲು ಹೋದಾಗ ನಾನೂ ಇದ್ದೆ. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಏನಾದರೂ ಕೇಳುವುದಿದ್ದರೆ ಕೇಳಪ್ಪ ಎಂದು ಅವಳ ಅಪ್ಪ ಹೇಳಿದರು. ಇವನು ಗಂಟಲು ಸರಿಮಾಡಿಕೊಂಡು, "ಹಿತ್ತಲಲ್ಲಿ ಚಪ್ಪಡಿ ಮುಚ್ಚಿದ್ದೀರಲ್ಲ, ಅದರ ಕೆಳಗೆ ಬಾವಿ ಇದೆಯಾ?" ಎಂದ. ಮನೆಗೆ ನಲ್ಲಿ ಬಂದ ಮೇಲೆ ಮುಚ್ಚಿದ್ದಂತೆ. "ಸ್ವಲ್ಪ ಸರಿಸಿ ನೋಡಬಹುದಾ?" ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಒಳಗೆ ಓಡಿದಳು. ಆ ನಗುವನ್ನೇ ಒಪ್ಪಿಗೆ ಎಂದುಕೊಂಡು ನಾವು ಮುಹೂರ್ತ ನೋಡಿಸಿದೆವು.

ಅವಳು ನಗುತ್ತಲೇ ಇದ್ದಳು, ಹೆರಿಗೆಯ ದಿನದವರೆಗೆ. ಆ ದಿನ ನಾನು ಅವಳನ್ನು ಆಸ್ಪತ್ರೆಗೆ ಸೇರಿಸಿ ಇವನಿಗೆ ಫೋನು ಮಾಡುತ್ತೇನೆ, ಮಾಡುತ್ತೇನೆ, ಎತ್ತುವವರಿಲ್ಲ. ಹೆರಿಗೆಯೂ ಆದ ಮೇಲೆ, ಕೊನೆಗೆ ಎತ್ತಿದ್ದು ಬಸರೀಕಟ್ಟೆಯ ತೋಟವೊಂದರ ಆಳು. ಸಾಹೇಬರು ಆಡಿನ ಮರಿ ತೆಗೆಯಲು ಇಳಿದಿದ್ದಾರೆ, ಬಾವಿಯ ಬದಿಯ ಮಣ್ಣು ಸ್ವಲ್ಪ ಕುಸಿದಿದೆ, ಏಣಿ ತರಲು ಜೀಪು ಹೋಗಿದೆ ಎಂದ. ಹೆಣ್ಣು ಮಗುವಾಯಿತು ಎಂದು ಕೂಗಿ ಹೇಳಪ್ಪಾ ಎಂದೆ. ಆ ಪುಣ್ಯಾತ್ಮ ಬಾವಿಗೆ ಬಗ್ಗಿ, "ಸಾರ್, ಹೆಣ್ಣು ಮಗೂ!" ಎಂದು ಶಕ್ತಿಮೀರಿ ಕೂಗಿದ. ಬಾವಿ ಅದನ್ನೇ ಮಗೂ, ಮಗೂ, ಮಗೂ ಎಂದು ತಿರುಗಿ ಹೇಳಿತು. ಒಳಗಿನಿಂದ ನಡುಗುವ ದನಿಯೊಂದು ಫೋನಿನಲ್ಲಿ ನನಗೂ ಕೇಳಿಸಿತು: "ಒಟ್ಟು ಎಷ್ಟು ಮಾರಾಯಾ?"

ತಲೆಯಿಂದ ಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದ ಅಪ್ಪನನ್ನು ನರ್ಸಮ್ಮ ಬಾಗಿಲಲ್ಲೇ ತಡೆದಳು. ಎಲ್ಲರೂ ನಕ್ಕೆವು. ಅವನ ಹೆಂಡತಿಯೊಬ್ಬಳು ನಗಲಿಲ್ಲ. ಮಣ್ಣು ಕುಸಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

ಬಾಣಂತನ ಮುಗಿದ ಮೇಲೆ ಗಂಗೆ ಪೂಜೆಗೆಂದು ಅವಳು ಮಗುವನ್ನೆತ್ತಿಕೊಂಡು ಮೊದಲ ಸಲ ಬಾವಿಕಟ್ಟೆಗೆ ಬಂದಳಲ್ಲ, ಆಗ ಕೂಸು ಕತ್ತು ಚಾಚಿ ಬಾವಿಯೊಳಗೆ ಇಣುಕಿತು. "ಅಯ್ಯೋ, ಇದೂ ಅಪ್ಪನ ಜಾತಿಯೇ!" ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಅಂದು ಊಟವಾದ ಮೇಲೆ ಮನೆಯಲ್ಲಿ ನ್ಯಾಯ ಸೇರಿತು. ಚಿಕ್ಕಮ್ಮ, ಸೊಸೆ ಒಂದು ಕಡೆ. ಅವನು ಇನ್ನೊಂದು ಕಡೆ. ನಾನು ಬಾಳಗಡಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವಳಾದ್ದರಿಂದ, ಅವನ ಮನೆಗೆ ಕೂಗಳತೆಯಲ್ಲೇ ಇರುವುದರಿಂದ, ನ್ಯಾಯಾಧೀಶರ ಕುರ್ಚಿ ನನಗೆ ಬಂತು. ಪ್ರಶ್ನೆ ಇಷ್ಟೆ: ಅಪ್ಪನಾದವನು ಬಾವಿ ಬಿಡಬೇಕೋ ಬೇಡವೋ?

"ಕಾಶಿಗೆ ಹೋದವರು ಇಷ್ಟದ್ದನ್ನ ಬಿಟ್ಟು ಬರ್ತಾರಲ್ಲ, ಹಂಗೇ ನಾನೂ ಮಗೂಗೋಸ್ಕರ ಒಂದು ಬಿಡ್ತೀನಿ. ಎಲೆಅಡಿಕೆ ಕವಳ ಬಿಡ್ತೀನಿ" ಎಂದ.

"ನೀವು ಕವಳ ಹಾಕದು ಮದುವೆ ಮನೇಲಿ ಮಾತ್ರ" ಎಂದಳು ಹೆಂಡತಿ.

"ಸರಿ, ಹಾಗಲಕಾಯಿ ಬಿಡ್ತೀನಿ."

"ನಿನಗೆ ಹಾಗಲಕಾಯಿ ಕಂಡ್ರೇ ಆಗಲ್ವಲ್ಲೋ!" ಇದು ಚಿಕ್ಕಮ್ಮ.

ಹೀಗೆ ಅವನು ಕಾಫಿ, ಉಪ್ಪಿನಕಾಯಿ, ಹಗಲು ನಿದ್ದೆ ಎಲ್ಲವನ್ನೂ ತ್ಯಾಗ ಮಾಡುತ್ತಾ ಬಂದ. ಕೊನೆಗೆ ವಾದಕ್ಕಿಳಿದ. "ಅಡಿಕೆ ಕೊಯ್ಯೋನು ದಿನಾ ಮರ ಹತ್ತಲ್ವಾ ಅಕ್ಕಾ? ಅವನಿಗೆ ಮಕ್ಕಳಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಅವನು ಹತ್ತದು ಮಕ್ಕಳ ಹೊಟ್ಟೆಗೆ. ನೀವು ಇಳಿಯದು ಯಾರ ಹೊಟ್ಟೆಗೆ ಮಾರಾಯ್ರೆ?"

ಅವನು ನೆಲ ನೋಡುತ್ತಾ, "ಒಳಗೆ ಒಂಥರಾ ಚೆನ್ನಾಗಿರ್ತದೆ. ಯಾರಿಗೂ ಎಂತದೂ ಹೇಳಬೇಕಾಗಲ್ಲ. ನಾನು ಮಾತು ಮಾರೋನು ಅಲ್ದಾ, ಬೆಳಗಿಂದ ಸಂಜೆವರೆಗೆ ಮಾತಾಡ್ಬೇಕು" ಎಂದ. ಇದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಆದರೆ ತೊಟ್ಟಿಲಿನಲ್ಲಿ ಮಗುವಿತ್ತು. ಅವನೇ ಎದ್ದು ಹೋಗಿ ಅದರ ತಲೆಯ ಮೇಲೆ ಕೈಯಿಟ್ಟು, ಇನ್ನು ಬಾವಿಗೆ ಇಳಿಯುವುದಿಲ್ಲ ಎಂದು ಆಣೆ ಮಾಡಿದ. ನಾನು ತೀರ್ಪು ಕೊಡುವುದು ತಪ್ಪಿತು.

ಆಣೆಯೇನೋ ಮಾಡಿದ, ಆದರೆ ಚಟ ಎಲ್ಲಿ ಹೋಗುತ್ತದೆ? ಬಚ್ಚಲಿನ ಹಂಡೆಯೊಳಗೆ ತಲೆಯಿಟ್ಟು ನಿಲ್ಲತೊಡಗಿದ. ಮಾಡಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕನ್ನು ವಾರ ವಾರ ತೊಳೆದ. ಊರವರ ಬಾವಿಗಳಿಗೆ ವಿಡಿಯೋ ಕಾಲಿನಲ್ಲೇ ಸಲಹೆ ಶುರುವಾಯಿತು. "ಕ್ಯಾಮೆರಾ ಇನ್ನೂ ಬಗ್ಗಿಸಿ... ಇನ್ನೂ..." ಎನ್ನುತ್ತಿದ್ದಂತೆ ಸೀತೂರಿನ ಯಜಮಾನರೊಬ್ಬರ ಫೋನು ಕೈಜಾರಿ ಬಾವಿಗೆ ಬಿದ್ದು, ಇವನ ಪರದೆಯಲ್ಲಿ ಮೀನು ಕಾಣಿಸಿತಂತೆ! ಈ ಮೀನಿನ ಮಾತನ್ನು ನಾನು ನಂಬಿಲ್ಲ. ಅವನು ಸಣ್ಣಗಾಗಿದ್ದನ್ನು ಮಾತ್ರ ಕಣ್ಣಾರೆ ನೋಡಿದೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಕರೆಂಟಿರಲಿಲ್ಲ. ಅವನ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ನೀರು ಸೇದಲು ಬಾವಿಗೆ ಬಂದಿದ್ದಳು. ಮಗುವಿನ ಕೈಯಲ್ಲಿ ಹಾಲು ಕುಡಿಸುವ ಬೆಳ್ಳಿಯ ಒಳಲೆ. ಅದರಲ್ಲೇ ಅವನೂ ಹಾಲು ಕುಡಿದು ಬೆಳೆದಿದ್ದ, ಅವನಿಗಿಂತ ಮೊದಲು ಅವನಪ್ಪನೂ. ಮಗು ಒಮ್ಮೆ ಒಳಲೆಯನ್ನು ನೋಡಿತು, ಒಮ್ಮೆ ಬಾವಿಯನ್ನು ನೋಡಿತು. ಬಿಸಾಡಿತು!

ಪಾತಾಳಗರಡಿಗೆ ಒಳಲೆ ಸಿಕ್ಕುತ್ತದೆಯೇ? ಅದಕ್ಕೆ ಕಂಠವಿಲ್ಲ, ಹಿಡಿಯಿಲ್ಲ. ಗಲಾಟೆ ಕೇಳಿ ನಾನೂ ಓಡಿ ಬಂದೆ. ಅವನು ಆಡಿಸಿದ, ಆಡಿಸಿದ, ಕೆಸರು ಬಂತು. ಹೋದರೆ ಹೋಗಲಿ ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಅವನು ಬಾವಿಕಟ್ಟೆಗೆ ಕೈಯೂರಿ ಒಳಗೇ ನೋಡುತ್ತಾ ನಿಂತ. ಇಳಿಯುತ್ತೇನೆ ಎನ್ನಲಿಲ್ಲ. ಆ ಮುಖ ನೋಡಿ ನನಗೇ ತಡೆಯಲಾಗಲಿಲ್ಲ.

"ಆಣೆ ಮಾಡಿದ್ದು ನೀವು, ನಾನಲ್ಲ" ಎಂದಳು ಅವಳು. ಮಗುವನ್ನು ನನ್ನ ಕೈಗಿತ್ತು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಳು. "ಹಗ್ಗ ಕಟ್ಟಿ."

ಚಿಕ್ಕಮ್ಮ ಕೂಗಿದಳು, ಅವನು ಬೇಡವೆಂದ, ನಾನು ಬೇಡವೆಂದೆ. ಅವಳು ಕೇಳಬೇಕಲ್ಲ! ನೀರು ಮೊಣಕಾಲಿಗೂ ಇರಲಿಲ್ಲ, ಒಳಗೋಡೆಗೆ ಮೆಟ್ಟಲು ಕಲ್ಲುಗಳಿದ್ದವು, ಅದು ನಿಜ. ಅವನು ದೀಪ ಕಟ್ಟಿ ಇಳಿಬಿಟ್ಟು, ಅದು ಆರಲಿಲ್ಲ, ಗಾಳಿ ಸರಿಯಿದೆ ಎಂದು ನೋಡಿದ. ನಂಬಿಕೆಯಾಗದೆ ಮತ್ತೆ ಇಳಿಬಿಟ್ಟ. ಅವಳ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಬಾವಿಯ ಕಂಬಕ್ಕೆ ಸುತ್ತಿ ಹಿಡಿದ. ಅವಳು ಇಳಿದಳು. ಎಷ್ಟೋ ಬಾವಿ ಕಂಡ ಮನುಷ್ಯ ಹಗ್ಗವನ್ನು ಗೇಣುಗೇಣಾಗಿ ಬಿಡುತ್ತಿದ್ದ.

"ಬಲಗಾಲು ಕೆಳಗೆ... ಅಲ್ಲಿ ಪಾಚಿ ಇದೆ, ನಿಧಾನ... ಸಿಕ್ತಾ? ಏ, ಕಲ್ಲು ಸಿಕ್ತಾ?"

"ಸಿಕ್ತು." ಸ್ವಲ್ಪ ಹೊತ್ತಿನಲ್ಲಿ ನೀರು ಕಲಕಿದ ಸದ್ದು. "ಒಳಲೇನೂ ಸಿಕ್ತು."

"ಹಂಗಾದ್ರೆ ಹತ್ತು!"

ಹಗ್ಗ ಅಲುಗಲಿಲ್ಲ.

"ಏ! ಎಂತಾಯ್ತು? ಮಾತಾಡು ಮಾರಾಯ್ತಿ!"

ಕೆಳಗಿನಿಂದ ತಣ್ಣಗಿನ ದನಿ ಬಂತು: "ಎಂತ ಆಗ್ಲಿಲ್ಲ. ಇಲ್ಲಿ ಕೂರಕ್ಕೆ ಒಂದು ಕಲ್ಲಿದೆ, ಕೂತಿದ್ದೀನಿ. ಮಗು ಹುಟ್ಟಿದ ಮೇಲೆ ನನ್ನನ್ನ ಯಾರೂ ಕರೀದೇ ಇರೋ ಜಾಗಕ್ಕೆ ಇವತ್ತೇ ಬಂದಿದ್ದು. ಸ್ವಲ್ಪ ಹೊತ್ತು ಸುಮ್ನಿರಿ."

ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಹಗ್ಗದಿಂದ ಕೈ ತೆಗೆಯುವ ಧೈರ್ಯವಿಲ್ಲ, ಭುಜಕ್ಕೇ ಉಜ್ಜಿಕೊಂಡ. ನನ್ನ ಸೊಂಟದಲ್ಲಿದ್ದ ಮಗುವನ್ನು ನೋಡಿದ.

"ಅಕ್ಕಾ, ಮೇಲೆ ನಿಲ್ಲದು ಇಷ್ಟು ಕಷ್ಟ ಅಂತ ಇವಳು ನಂಗೆ ಒಂದಿನಾನೂ ಹೇಳ್ಲಿಲ್ಲ ನೋಡು."

"ಹೇಳಿದ್ಲು ಮಾರಾಯ. ನೀನು ಕೆಳಗಿದ್ದೆ."

ಅವನು ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಬಾವಿಗೆ ಬಗ್ಗಿದ.

"ಕೂತ್ಕೋ" ಎಂದ, ಮೆಲ್ಲಗೆ. "ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ. ನಾನು ಇಲ್ಲೇ ಇದ್ದೀನಿ."