ರೈಲಿಗೆ ಕೊಟ್ಟ ಕಾಲುವೆಯ ಇಳಿಜಾರು

ಓದಿ ಕಲಿತ ವಿದ್ಯೆ ಮರೆತುಹೋಗುತ್ತದೆ, ಹೊಟ್ಟೆಪಾಡಿನ ವಿದ್ಯೆ ಮೈಬಿಟ್ಟು ಹೋಗುವುದಿಲ್ಲ. ಬಸ್ ಕಂಡಕ್ಟರಾಗಿ ನಿವೃತ್ತನಾದ ನನ್ನ ಗೆಳೆಯ ಮದುವೆ ಊಟದ ಪಂಕ್ತಿಯಲ್ಲೂ "ಮುಂದ ಸರೀರಿ, ಮುಂದ ಸರೀರಿ" ಅನ್ನುತ್ತಾನೆ. ಅವನನ್ನು ಕಂಡು ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಗಬಾರದಿತ್ತು.

ನಾನು ಗಂಗಾವತಿ ಸೀಮೆಯಲ್ಲಿ ಮೂವತ್ತು ವರ್ಷ ಕಾಲುವೆಗಳ ಲೆವೆಲ್ ನೋಡಿದವನು. ನೀರು ಮುಂದೆ ಹೋಗಲು ನೆಲ ಎಷ್ಟು ಇಳಿಯಬೇಕೆಂದು ಹೇಳುವುದೇ ನನ್ನ ಅನ್ನವಾಗಿತ್ತು. ನಿವೃತ್ತನಾದ ಮೇಲೆ ಬಾಲ್ಯದ ಒಂದು ಆಸೆ ಎದ್ದು ಕೂತಿತು: ಆಟದ ರೈಲು. ಎಂಜಿನ್ನು, ಹಳಿ ತರಿಸಿದೆ. ಹಳಿಯ ನಕ್ಷೆ ಬಿಡಿಸುವ ಸಾಫ್ಟ್‌ವೇರನ್ನೂ ಕಂಪ್ಯೂಟರಿಗೆ ಹಾಕಿಸಿದೆ. ಜಾಗಕ್ಕೆ ಹೊರಕಟ್ಟೆಯ ಮೇಲಿನ ದೊಡ್ಡ ಮಂಚ ಹಿಡಿದೆ. ಅದು ನನ್ನ ಹೆಂಡತಿ ನೀಲವ್ವ ಸಂಡಿಗೆ ಒಣಗಿಸುವ ಮಂಚ.

"ಯುಗಾದಿ ಒಳಗ ನಿಮ್ಮ ರೈಲು ಗುಡ್ಡ ಹತ್ತಿ ಇಳೀಬೇಕು ನೋಡ್ರಿ. ಇಲ್ಲಂದ್ರ ಮಂಚ ನಂದು" ಎಂದು ಅವಳು ಕರಾರು ಹಾಕಿದಳು.

"ಇಳಿಜಾರಿನ ವಿಷಯ ನನಗ ಹೇಳ್ತೀಯೇನ?" ಎಂದು ಮೀಸೆ ತಿರುವಿದೆ.

ಆ ಸಾಫ್ಟ್‌ವೇರಿನಲ್ಲಿ ಹಳಿಯ ಒಂದೊಂದು ಜೋಡಣೆಗೂ ಎತ್ತರ ಬರೆಯಬೇಕು. ನಡುವಿನ ಏರಿಳಿತವನ್ನು ಅದೇ ಲೆಕ್ಕ ಹಾಕಿ, ಪಕ್ಕದಲ್ಲಿ ಗೆರೆ ಎಳೆದು ತೋರಿಸುತ್ತದೆ. ಮೊದಲ ಜೋಡಣೆಗೆ ಎಂಟು ಇಂಚು ಕೊಟ್ಟೆ. ಮುಂದಿನದಕ್ಕೆ ಅರ್ಧ ಇಂಚು ಕಡಿಮೆ, ಅದರ ಮುಂದಿನದಕ್ಕೆ ಮತ್ತೆ ಅರ್ಧ. ಗೆರೆ ನಮ್ಮ ಕಾಲುವೆಯ ಹಾಗೆ ಸೊಗಸಾಗಿ ಇಳಿಯುತ್ತಾ ಬಂತು. ಆದರೆ ಸುತ್ತು ಮುಗಿದಲ್ಲಿ ತಪ್ಪೆಂಬ ಕೆಂಪು ಗುರುತು ಬಿತ್ತು. ಅಳಿಸಿ ಬರೆದರೂ ಅದೇ ಕೆಂಪು. ಎರಡು ದಿನ ಸಾಫ್ಟ್‌ವೇರ್ ಬರೆದವನನ್ನು ಬೈದೆ.

ಚಹಾ ತಂದ ನೀಲವ್ವ ಪರದೆ ನೋಡಿದಳು. "ಹೊಂಟದ್ದೂ ಇಲ್ಲೇ, ವಾಪಸ್ ಬರೋದೂ ಇಲ್ಲೇ ಅಲ್ಲೇನ್ರಿ? ಬರೇ ಇಳಿಸ್ಕೋಂತ ಹೋದ್ರ ಏರಸೋರು ಯಾರು?"

ಕಾಲುವೆಯ ನೀರು ಹೋದರೆ ಹೋಯಿತು, ಮೂವತ್ತು ವರ್ಷದಲ್ಲಿ ಒಮ್ಮೆಯೂ ತಿರುಗಿ ಬಂದಿರಲಿಲ್ಲ. ರೈಲು ತಿರುಗಿ ಬರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ! ನಾಚಿಕೆಯಾಯಿತು. ಅರ್ಧ ಸುತ್ತು ಇಳಿಸಿ ಅರ್ಧ ಸುತ್ತು ಏರಿಸಿದೆ. ಕೆಂಪು ಮಾಯವಾಯಿತು, ಆದರೆ ಸಂಡಿಗೆಗೆ ದೊಡ್ಡದಾದ ಮಂಚ ರೈಲಿಗೆ ಚಿಕ್ಕದು, ಏರು ಕಡಿದಾಯಿತು. ಕೆಳಗೆ ಕಟ್ಟಿಗೆ ತುಂಡು ಕೊಟ್ಟು ಹಳಿ ಜೋಡಿಸಿ ಬಿಟ್ಟರೆ, ಎಂಜಿನ್ನು ಅರ್ಧ ಏರಿ ಹಿಂದಕ್ಕೆ ಜಾರಿತು. ಎತ್ತರ ಆರಕ್ಕಿಳಿಸಿದೆ, ಮೂರಕ್ಕಿಳಿಸಿದೆ. ನನ್ನದೋ ಅಗ್ಗದ ಎಂಜಿನ್ನು, ಎರಡೇ ಇಂಚಿಗೂ ತೇಕಿತು. ಯುಗಾದಿಯ ಹಿಂದಿನ ದಿನ ಎಲ್ಲಾ ಜೋಡಣೆಗೂ ಸೊನ್ನೆ ಬರೆದೆ. ಗೆರೆ ಸಪಾಟಾಗಿ ಮಲಗಿತು, ರೈಲು ಗಿರಗಿರನೆ ಓಡಿತು.

"ಗುಡ್ಡ ಎಲ್ಲೈತ್ರಿ?" ಎಂದಳು ನೀಲವ್ವ.

"ಜಾಣ ಕಾಲುವಿ ಗುಡ್ಡ ಹತ್ತೂದಿಲ್ಲ, ಸುತ್ತಿ ಹೋಗ್ತೈತಿ" ಎಂದೆ. ಕರಾರಿನಂತೆ ಮಂಚ ಹೋಯಿತೆಂದು ಹಳಿ ಬಿಚ್ಚಲು ಕೈ ಹಾಕಿದೆ.

"ಇರ್ಲಿ ಬಿಡ್ರಿ, ಭಾಳ ಛಲೋ ಓಡ್ತೈತಿ" ಎಂದು ಅವಳು ತಡೆದಳು. ಅವಳ ದೊಡ್ಡ ಮನಸ್ಸಿಗೆ ನನ್ನ ಕಣ್ಣು ತುಂಬಿ ಬಂತು.

ಮರುದಿನ ನೋಡಿದರೆ ಹಳಿಯ ನಡುವೆ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. "ರೈಲು ತಿರಗತಿದ್ರ ಒಂದು ಕಾಗಿನೂ ಹತ್ರ ಸುಳ್ಯಂಗಿಲ್ಲ. ಬಿಸಿಲು ಇಳಿಯೂ ತನಕ ಓಡಸ್ರಿ" ಎಂದಳು.

ಮೂವತ್ತು ವರ್ಷ ನೀರು ಕಾಯ್ದವನು ಈಗ ಸಂಡಿಗೆ ಕಾಯುತ್ತಿದ್ದೇನೆ. ಕಂಡಕ್ಟರ್ ಗೆಳೆಯ ಮೊನ್ನೆ ಬಂದು ನೋಡಿ, ಬಿದ್ದು ಬಿದ್ದು ನಕ್ಕು ಹೋದ.